ವಿಭೂತಿ ಹಚ್ಚಿದ ಕೊಲೆ ಕಾದಂಬರಿ

ಯಾರದಾದರೂ ಮನೆಯ ಬಾಗಿಲು ಅರ್ಧ ತೆರೆದಿದ್ದರೆ ನನ್ನ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತದೆ. ಬಸ್ಸಿನಲ್ಲಿ ಪಕ್ಕದವರು ಮೊಬೈಲು ನೋಡುತ್ತಿದ್ದರೆ ನಾನೂ ನೋಡುತ್ತಿರುತ್ತೇನೆ. ಇದು ಒಳ್ಳೆಯ ಚಾಳಿಯಲ್ಲ ಎಂದು ನನ್ನ ಗಂಡ ಮದುವೆಯಾದ ವರ್ಷವೇ ಹೇಳಿದ್ದರು. ಈಗ ಅವರು ಹೇಳುವುದನ್ನು ಬಿಟ್ಟಿದ್ದಾರೆ, ನಾನು ನೋಡುವುದನ್ನು ಬಿಟ್ಟಿಲ್ಲ. ಆ ಪುಸ್ತಕ ನನ್ನ ಕೈಗೆ ಬಂದದ್ದೂ ಇದೇ ಚಾಳಿಯಿಂದ.

ಯಾದಗಿರಿ ಸ್ಟೇಷನ್ನಿನ ಹೊರಗೆ ಹಳೆ ಪುಸ್ತಕದ ತಳ್ಳುಗಾಡಿಯೊಂದು ನಿಂತಿತ್ತು. ಪೊಲೀಸ್ ಪರೀಕ್ಷೆಯ ಗೈಡು, ಪಿಯುಸಿ ಪ್ರಶ್ನೋತ್ತರ, ಅವುಗಳ ನಡುವೆ ದಪ್ಪನೆಯ ಒಂದು ಇಂಗ್ಲಿಷ್ ಕಾದಂಬರಿ. ರಟ್ಟಿನ ಮೇಲೆ ಕಲ್ಲಿನ ಕಟ್ಟಡ, ಎತ್ತರದ ಗಂಟೆ ಗೋಪುರ. ಒಳಗೆ ತಿರುವಿದರೆ ಹಿಂದೆ ಓದಿದವರು ಯಾರೋ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಚಿಹ್ನೆ ಹಾಕಿದ್ದರು. ಬರೇ ಚಿಹ್ನೆ, ಮಾತಿಲ್ಲ. ಹತ್ತು ಪುಟಕ್ಕೊಂದು, ಹದಿನೈದು ಪುಟಕ್ಕೊಂದು. ಅರ್ಧ ಪುಸ್ತಕಕ್ಕೆ ಅದೂ ನಿಂತುಹೋಗಿತ್ತು. ಅವರು ಏನನ್ನು ಕೇಳುತ್ತಿದ್ದರು, ಉತ್ತರ ಸಿಕ್ಕು ನಿಲ್ಲಿಸಿದರೋ ಬೇಸತ್ತು ನಿಲ್ಲಿಸಿದರೋ ಎಂಬ ಕುತೂಹಲಕ್ಕೆ ಕೊಂಡುಬಿಟ್ಟೆ. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ನೋಡಲೂ ಇಲ್ಲ.

ನಾನು ಶಹಾಪುರದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅದು ಬೇಸಿಗೆ ರಜೆ. ನಮ್ಮ ಮನೆಯಲ್ಲಿ ಬೇಸಿಗೆ ರಜೆಯೆಂದರೆ ಮೆಣಸಿನಕಾಯಿ. ವರ್ಷದ ಖಾರಕ್ಕೆ ಬೇಕಾಗುವಷ್ಟು ಕೆಂಪು ಮೆಣಸಿನಕಾಯಿ ತಂದು, ಮಾಳಿಗೆಯ ಮೇಲೆ ಒಣಗಿಸಿ, ಮಧ್ಯಾಹ್ನ ಪಡಸಾಲೆಯಲ್ಲಿ ರಾಶಿ ಹಾಕಿ ತೊಟ್ಟು ಬಿಡಿಸುವುದು. ಎರಡು ದಿನ ಬಿಡಿಸಿದರೆ ಬೆರಳು ವಾರವಿಡೀ ಉರಿಯುತ್ತವೆ, ಮರೆತು ಕಣ್ಣು ಒರೆಸಿಕೊಂಡರೆ ದೇವರೇ ಗತಿ. ನನ್ನ ಅತ್ತೆಗೆ ಎಪ್ಪತ್ತು ದಾಟಿದೆ. ಅವರ ಬೆರಳಿಗೆ ಉರಿಯೆಂಬುದೇ ಗೊತ್ತಿಲ್ಲ. ನಾನು ಗೋಡೆಗೆ ಒರಗಿ ಓದುತ್ತ ಕೂತದ್ದು ಕಂಡು, ಅಷ್ಟು ದಪ್ಪ ಪುಸ್ತಕದಾಗ ಏನದ ಎಂದು ಕೇಳಿದರು. ಒಂದು ಕಾಲೇಜಿನ ಕತೆ, ಅಲ್ಲೊಬ್ಬ ಹುಡುಗ ಸಾಯುತ್ತಾನೆ ಎಂದೆ. ಹಾಗಾದರೆ ಗಟ್ಟಿಯಾಗಿ ಹೇಳು, ಪುಸ್ತಕ ಹಿಡಿದವರಿಗೆ ಮೆಣಸಿನಕಾಯಿ ಮಾಫಿ ಎಂದರು. ಇದಕ್ಕಿಂತ ಒಳ್ಳೆಯ ಕರಾರು ನನ್ನ ಜೀವನದಲ್ಲಿ ಬಂದಿರಲಿಲ್ಲ.

ಅತ್ತೆಗೆ ಓದು ಬರಹ ಬರುವುದಿಲ್ಲ. ಆದರೆ ಮಠದಲ್ಲಿ ಶ್ರಾವಣ ಮಾಸದ ಪುರಾಣವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅಲ್ಲಿ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಪುರಾಣ ಶುರುವಾಗುವ ದಿನ ಪುಸ್ತಕಕ್ಕೆ ಪೂಜೆ. ಎರಡನೆಯ ದಿನದಿಂದ, ನಿನ್ನೆ ಎಲ್ಲಿಗೆ ನಿಂತಿತ್ತು ಎಂದು ಹೇಳಿದ ಮೇಲೆಯೇ ಮುಂದಿನ ಮಾತು. ಅತ್ತೆಗೆ ಕತೆ ಕೇಳುವ ರೀತಿ ಗೊತ್ತಿರುವುದು ಇದೊಂದೇ. ಎದ್ದು ಕೈ ತೊಳೆದುಕೊಂಡು ಬಂದರು. ನನ್ನ ಕೈಯಿಂದ ಕಾದಂಬರಿ ತೆಗೆದುಕೊಂಡು, ರಟ್ಟಿನ ಮೇಲಿದ್ದ ಗಂಟೆ ಗೋಪುರದ ನೆತ್ತಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಒಂದು ಚಿಟಿಕೆ ಸಕ್ಕರೆ ಇಟ್ಟು ಕೈ ಮುಗಿದರು. ಅತ್ತಿ, ಇದು ಕೊಲೆಯ ಪುಸ್ತಕರಿ ಎಂದೆ. ಪುರಾಣದಾಗ ಕೊಲಿ ಇರೂದಿಲ್ಲೇನು ಎಂದರು. ನಾನು ಮೊದಲ ಪುಟ ತೆರೆದೆ.

ಕತೆ ಹೀಗಿತ್ತು. ಎಲ್ಲೋ ಒಂದು ಚಳಿಯ ದೇಶ, ಅಲ್ಲೊಂದು ಸಂಗೀತದ ಕಾಲೇಜು. ಅಟ್ಟದ ಕೋಣೆಯಲ್ಲಿ ನಾಲ್ವರು ಹುಡುಗರು ಒಟ್ಟಿಗೆ ಇರುತ್ತಾರೆ. ಅವರಲ್ಲಿ ಒಬ್ಬನಿಗೆ ದೇವರು ಕೊಟ್ಟ ಕಂಠ. ಒಂದು ಭಾನುವಾರ ಮಧ್ಯಾಹ್ನ ಅವನು ಗಂಟೆ ಗೋಪುರದಿಂದ ಬಿದ್ದು ಸಾಯುತ್ತಾನೆ. ಕತೆ ಹೇಳುವವನು ಉಳಿದ ಮೂವರಲ್ಲಿ ಒಬ್ಬ, ಸತ್ತವನ ಜೀವದ ಗೆಳೆಯ. ಆ ಹೊತ್ತಿನಲ್ಲಿ ತಾನು ಊರೊಳಗೆ ಔಷಧ ತರಲು ಹೋಗಿದ್ದೆ, ತಾನು ಅಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಪುಟ ಪುಟಕ್ಕೂ ಹಲುಬುತ್ತಾನೆ. ಮೊದಲ ದಿನವೇ ಅತ್ತೆಗೆ ಅವನ ಮೇಲೆ ಮರುಕ ಹುಟ್ಟಿತು. ಹೇಳುವವನ ಬಾಯಿಂದಲೇ ಬರಲಿ ಎಂದು ನಾನೂ ‘ನಾನು ಹೋದೆ, ನಾನು ನೋಡಿದೆ’ ಎಂದೇ ಹೇಳುತ್ತಿದ್ದೆ. ಅವನು ಅತ್ತಾಗ ನನ್ನ ದನಿಯೂ ಸ್ವಲ್ಪ ನಡುಗಿಸುತ್ತಿದ್ದೆ. ಮಾಸ್ತರಿಕೆಯಲ್ಲಿ ಇದೆಲ್ಲ ರೂಢಿ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಹಾಸ್ಟೆಲಿನ ಊಟದ ವಿಷಯ ಬಂದಾಗ ಅತ್ತೆ ನಡುವೆ ಬಾಯಿ ಹಾಕಿದರು. ನೀನೂ ಹಾಸ್ಟೆಲ್‌ನಲ್ಲಿ ಇದ್ದವಳಲ್ಲ, ನಿನ್ನ ಆ ಗೆಳತಿಯದು ಏನಾಗಿತ್ತು, ಇನ್ನೊಮ್ಮೆ ಹೇಳು ಎಂದರು. ನಾನು ಈ ಇಪ್ಪತ್ತು ವರ್ಷ ಎಲ್ಲರ ಮುಂದೆ ಹೇಳಿದಂತೆಯೇ ಹೇಳಿದೆ. ಇಲ್ಲಿಯೂ ಹಾಗೆಯೇ ಹೇಳುತ್ತೇನೆ.

ಬಿ.ಎ. ಓದಲು ಯಾದಗಿರಿಯ ಹಾಸ್ಟೆಲಿಗೆ ಸೇರಿದಾಗ ನನ್ನ ಕೋಣೆಗೆ ಬಂದವಳು ಸುರಪುರ ತಾಲೂಕಿನ ನದಿ ದಂಡೆಯ ಹುಡುಗಿ. ಅವಳ ಅಪ್ಪ ಕೃಷ್ಣೆಯಲ್ಲಿ ಮೀನು ಹಿಡಿಯುವವರು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ನಮ್ಮದು ಶಹಾಪುರದಲ್ಲಿ ಕಿರಾಣಿ ಅಂಗಡಿಯ ಮನೆ. ನನ್ನ ಮನೆಯ ರೊಟ್ಟಿ, ಅವಳ ಮನೆಯ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಅವಳ ಬಳಿ ಹಸಿರು ಬಣ್ಣದ ಒಂದು ಟ್ರಂಕು ಇತ್ತು, ಅದಕ್ಕೆ ಯಾವಾಗಲೂ ಬೀಗ. ಎರಡನೆಯ ವರ್ಷದಲ್ಲಿ ನಾನು ಸೋದರಮಾವನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಶಿರವಾಳಕ್ಕೆ ಹೋದೆ. ನಾನು ಊರಲ್ಲಿ ಇಲ್ಲದ ಆ ದಿನ ವಾರ್ಡನ್ನರು ಹಿಂಡಿ ಡಬ್ಬಿಯೊಳಗಿದ್ದ ಕೀಲಿಯನ್ನು ತೆಗೆದು, ಅದಕ್ಕೆ ಹತ್ತಿದ್ದ ಕೆಂಪು ಹಿಂಡಿಯನ್ನು ಸೆರಗಿನಿಂದ ಒರೆಸಿ, ಅವಳ ಟ್ರಂಕು ತೆರೆದರು. ಒಳಗೆ ಕಾಲೇಜಿನ ಒಬ್ಬ ಹುಡುಗನ ನಾಲ್ಕು ಚೀಟಿ. ಮರುದಿನ ಬೆಳಗ್ಗೆ ಅವಳ ಅಪ್ಪ ಬಂದು ಕರೆದುಕೊಂಡು ಹೋದರು. ನಾನು ಮರಳಿ ಬರುವಷ್ಟರಲ್ಲಿ ಅವಳ ಮಂಚ ಖಾಲಿ. ಓದು ಅಲ್ಲಿಗೇ ನಿಂತಿತು. ಪಾಪ, ಎಂಥ ಹುಡುಗಿ.

ಅತ್ತೆ ಹೂಂ ಎಂದರು. ಕತೆ ಮುಂದುವರಿಸು ಎಂದರು. ನಾನು ಗಂಟೆ ಗೋಪುರಕ್ಕೆ ಮರಳಿದೆ.

ಆರನೆಯ ದಿನ ನಿನ್ನೆಯ ಸಾರಾಂಶ ಹೇಳುವ ಸರದಿ ಅತ್ತೆಯದು. ಅದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕಾಲೇಜು, ಅಟ್ಟ, ನಾಲ್ವರು, ಭಾನುವಾರ ಎಂದು ಹೇಳುತ್ತ ಬಂದವರು ಒಮ್ಮೆಲೇ ನಿಂತರು. ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು.

“ಅವತ್ತ ಸಾರು ತಳ ಹತ್ತಿತ್ತು ಅಂತ ಹೇಳಿದೆಲ್ಲ ನಿನ್ನಿ?”

ಹೌದು ಎಂದೆ. ಸಾಯುವ ಮುಂಚೆ ಆ ಹುಡುಗ ಕೋಣೆಯ ಒಲೆಯ ಮೇಲೆ ಸೂಪು ಇಟ್ಟಿದ್ದ, ಅದು ತಳ ಹಿಡಿದು ಅಟ್ಟವೆಲ್ಲ ವಾಸನೆ ಎಂದು ಒಂದು ಸಾಲು ಬಂದಿತ್ತು. ಸೂಪಿಗೆ ನಾನು ಸಾರು ಎಂದಿದ್ದೆ.

“ಇವ ಊರಾಗ ಔಷಧ ತರಾಕ ಹೋಗ್ಯಾನ. ಸಾರು ತಳ ಹತ್ತಿದ್ದು ಇವನ ಮೂಗಿಗೆ ಹ್ಯಾಂಗ ಬಂತು? ಸುಳ್ಳ ಹೇಳಾಕತ್ತಾನ ಅವ.”

ನನಗೆ ನಗು ಬಂತು. ಹಾಗಲ್ಲರಿ ಅತ್ತಿ, ಆಮೇಲೆ ಯಾರೋ ಹೇಳಿರುತ್ತಾರೆ, ಅದನ್ನೇ ಅವನು ಹೇಳಿದ್ದಾನೆ ಎಂದು ತಿಳಿಸಿ ಹೇಳಿದೆ. ಕೇಳಿದ ಮಾತಿಗೆ ವಾಸನೆ ಇರುವುದಿಲ್ಲ ಎಂದರು ಅತ್ತೆ. ನಾನು ಹಟಕ್ಕೆ ಬಿದ್ದು ಪುಟ ತಿರುವಿ ಆ ಸಾಲು ಹುಡುಕಿದೆ. ‘ನಮಗೆ ವಾಸನೆ ಬಂದಾಗ ತಡವಾಗಿತ್ತು’ ಎಂದೇ ಇತ್ತು. ಅದರ ಪಕ್ಕದಲ್ಲಿ ಪೆನ್ಸಿಲ್ಲಿನ ಪ್ರಶ್ನೆ ಚಿಹ್ನೆ. ಎಂ.ಎ. ಪರೀಕ್ಷೆಯಲ್ಲಿ ನಂಬಲಾಗದ ನಿರೂಪಕನ ಬಗ್ಗೆ ಟಿಪ್ಪಣಿ ಬರೆದು ಪಾಸಾದವಳು ನಾನು. ಓದಲು ಬಾರದವರು ಹಿಡಿದ ಸುಳ್ಳು ನನ್ನ ಕಣ್ಣೆದುರೇ ಐದು ದಿನ ಓಡಾಡಿಕೊಂಡಿತ್ತು.

ಅತ್ತೆಗೆ ಬಂದ ಸಿಟ್ಟು ಮಾತ್ರ ಬೇರೆ ಥರದ್ದು. ಪುರಾಣ ಹೇಳಲು ಕೂತವನು ಸುಳ್ಳು ಹೇಳಬಹುದು ಎಂಬುದು ಅವರ ತಲೆಯಲ್ಲೇ ಇರಲಿಲ್ಲ. ವಿಭೂತಿ ಹಚ್ಚಿಸಿಕೊಂಡು, ಸಕ್ಕರೆ ಇಡಿಸಿಕೊಂಡು ಇಂಥ ಕೆಲಸ ಮಾಡುತ್ತಾನಲ್ಲ ಎಂದು ಆ ಇಲ್ಲದ ಹುಡುಗನಿಗೆ ಒಂದು ತಾಸು ಬೈದರು. ಬೈದು ಮುಗಿದ ಮೇಲೆ ಕಣ್ಣಲ್ಲಿ ಒಂದು ಹೊಳಪು ಬಂತು. ಮೊದಲಿನಿಂದ ಹೇಳು ಎಂದರು.

ಮುಂದಿನ ಮೂರು ದಿನ ನಮ್ಮ ಪಡಸಾಲೆ ಪೊಲೀಸ್ ಠಾಣೆಯಾಗಿತ್ತು. ನಾನು ಒಂದೊಂದೇ ಸಾಲು ಬಿಡಿಸಿ ಹೇಳುವುದು, ಅತ್ತೆ ತಡೆದು ನಿಲ್ಲಿಸುವುದು. ಗೋಪುರದ ಬಾಗಿಲ ಚಿಲಕ ತಣ್ಣಗಿತ್ತು ಎನ್ನುತ್ತಾನೆ, ಮುಟ್ಟಿದ್ದನೇನು? ಸತ್ತವನ ಬಲಗಾಲಿನ ಬೂಟಿನ ದಾರ ಬಿಚ್ಚಿತ್ತು ಎನ್ನುತ್ತಾನೆ, ಬಗ್ಗಿ ನೋಡಿದ್ದನೇನು? ಔಷಧದ ಅಂಗಡಿಯ ಬಗ್ಗೆ ಮಾತ್ರ ಒಂದು ಅಕ್ಷರ ಹೇಳುವುದಿಲ್ಲ. ಅಂಗಡಿಯವನು ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಅತ್ತೆಯ ಲೆಕ್ಕ ಸರಳವಾಗಿತ್ತು. ಮನುಷ್ಯ ಇದ್ದ ಜಾಗ ಅವನ ಬಾಯಲ್ಲಿ ತುಂಬಿರುತ್ತದೆ, ಇಲ್ಲದ ಜಾಗ ಬಣಬಣ ಎನ್ನುತ್ತದೆ. ನನಗೆ ಹುರುಪೋ ಹುರುಪು. ಅಡುಗೆ ಮಾಡುವಾಗಲೂ ಅದೇ ಯೋಚನೆ. ಪೆನ್ಸಿಲ್ಲಿನವರು ಹಿಡಿಯದೇ ಬಿಟ್ಟ ಎರಡು ಸುಳ್ಳನ್ನು ನಾವು ಹಿಡಿದೆವು, ಅಲ್ಲಿ ನಾನೇ ಪ್ರಶ್ನೆ ಚಿಹ್ನೆ ಹಾಕಿದೆ.

ಹಾಗೆ ಹಾಕುತ್ತ ಕೂತಿದ್ದಾಗಲೇ ಅತ್ತೆ, ತಲೆ ಎತ್ತದೆ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳಿದರು.

“ನೀ ಶಿರವಾಳಕ್ಕ ಹೋಗಿದ್ದೆ ಅಂತಿ. ಆ ವಾರ್ಡನ್ ಕೀಲಿ ಸೆರಗಿನಿಂದ ಒರೆಸಿದ್ದು ನೀ ಹ್ಯಾಂಗ ನೋಡಿದಿ?”

ಯಾರೋ ಹೇಳಿದರು ಎನ್ನಲು ಬಾಯಿ ತೆರೆದೆ. ಅದನ್ನೇ ಆ ಕತೆ ಹೇಳುವವನ ಪರವಾಗಿ ಹೇಳಿ ಸೋತಿದ್ದೆನಲ್ಲ. ಶಿರವಾಳದ ತೊಟ್ಟಿಲ ಕಾರ್ಯದಲ್ಲಿ ಏನು ಉಂಡೆ, ಮಗುವಿಗೆ ಯಾವ ಬಣ್ಣದ ಕುಲಾಯಿ ಹಾಕಿದ್ದರು ಎಂದು ಅತ್ತೆ ಕೇಳಿದ್ದರೆ ನನ್ನ ಬಳಿ ಒಂದಕ್ಷರ ಇರಲಿಲ್ಲ. ಅವರು ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಹೆಚ್ಚು ಸಿಟ್ಟು ತರಿಸಿತು. ನನ್ನ ಮೇಲೇ ಗುಮಾನಿ ಪಡುತ್ತೀರಾ ಎಂದು ಪುಸ್ತಕ ಮುಚ್ಚಿ ಎದ್ದು ಹೋದೆ. ಎರಡು ದಿನ ಓದೂ ಇಲ್ಲ, ಮಾತೂ ಇಲ್ಲ. ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಇಟ್ಟೆ. ಅತ್ತೆ ಒಬ್ಬರೇ ಮೆಣಸಿನಕಾಯಿ ಬಿಡಿಸಿದರು.

ಆ ಎರಡು ದಿನದಲ್ಲಿ ಪುಸ್ತಕ ಮುಗಿಸಿದೆ. ಕೊನೆಯಲ್ಲಿ ಅವನು ತಪ್ಪೊಪ್ಪಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಇಲ್ಲ. ಮೂವತ್ತು ವರ್ಷ ಕಳೆದು ಅದೇ ಕಾಲೇಜಿನಲ್ಲಿ ಮಾಸ್ತರನಾಗಿ, ಹೊಸ ಹುಡುಗರಿಗೆ ಸತ್ತ ಗೆಳೆಯನ ಕತೆ ಹೇಳುತ್ತಾನೆ. ಪ್ರತಿ ವರ್ಷ ಹೇಳುತ್ತಾನೆ, ಪ್ರತಿ ವರ್ಷ ಅಳುತ್ತಾನೆ, ಹುಡುಗರು ಅವನಿಗೆ ನೀರು ತಂದುಕೊಡುತ್ತಾರೆ. ಹತ್ತನೆಯ ತರಗತಿಯ ಹುಡುಗಿಯರಿಗೆ ಓದು ಬಿಡಬೇಡಿ ಎಂದು ಬುದ್ಧಿ ಹೇಳುವಾಗಲೆಲ್ಲ ನಾನೂ ಹಸಿರು ಟ್ರಂಕಿನ ಕತೆ ಹೇಳುತ್ತೇನೆ. ಹೇಳುವಾಗ ನನಗೂ ಅಳು ಬರುತ್ತದೆ. ಒಮ್ಮೆ ಒಂದು ಹುಡುಗಿ ನೀರು ತಂದುಕೊಟ್ಟಿದ್ದಳು.

ಮೂರನೆಯ ದಿನ ಅತ್ತೆಯ ಎದುರು ಹೋಗಿ ಕೂತೆ. ಪುಸ್ತಕ ತರಲಿಲ್ಲ. ಹೌದು, ನಾನು ಅಲ್ಲೇ ಇದ್ದೆ ಎಂದೆ. ಶಿರವಾಳಕ್ಕೆ ಹೋಗಿರಲೇ ಇಲ್ಲ. ವಾರ್ಡನ್ನರು ನನ್ನನ್ನು ಕರೆದು ಗದರಿಸಿ ಕೇಳಿದರು, ಹೆದರಿ ಕೀಲಿ ಇಡುವ ಜಾಗ ಹೇಳಿಬಿಟ್ಟೆ, ಚಿಕ್ಕ ವಯಸ್ಸು, ಏನು ತಿಳಿಯುತ್ತಿತ್ತು ಎಂದೆ. ಅತ್ತೆ ನನ್ನ ಮುಖ ನೋಡಿದರು. ಹೂಂ ಎಂದರು. ಆ ಹೂಂ ನನಗೆ ಗೊತ್ತಿತ್ತು, ಕಾದಂಬರಿಯ ಸಾಲು ಬಿಡಿಸಿದ ಆ ಮೂರು ದಿನ ಅದನ್ನು ಕೇಳಿದ್ದೆ. ಸುಳ್ಳಿಗೆ ಹಾಕುತ್ತಿದ್ದ ಹೂಂ ಅದು.

“ನನ್ನ ಮುಂದ ಹೇಳಿ ಏನ್ ಮಾಡ್ತಿ ಯವ್ವಾ. ಅಕಿ ಇದ್ದಾಳಿಲ್ಲೋ?”

ಇದ್ದಳು. ರಂಗಂಪೇಟೆಯಲ್ಲಿ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಗಂಡ ಬೈಕ್ ರಿಪೇರಿಯವರು, ಇವಳು ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ ಎಂದು ಎಷ್ಟೋ ವರ್ಷದಿಂದ ಗೊತ್ತಿತ್ತು. ಒಮ್ಮೆ ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡು, ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದು ನಿಂತವಳು ನಾನು. ಅವಳ ಬಸ್ಸು ಹೋಗುವವರೆಗೂ ನಿಂತೇ ಇದ್ದೆ. ಗಾಡಿಯವನು ಎಷ್ಟು ಗ್ಲಾಸ್ ಕೊಡಲಿ ಎಂದು ಎರಡು ಸಲ ಕೇಳಿದ್ದ.

ಮರುದಿನ ಹೊರಟೆ. ಹತ್ತಿಗೂಡೂರು ದಾಟುವವರೆಗೆ ಮಾತು ಹೊಂದಿಸುತ್ತಲೇ ಇದ್ದೆ. ಯಾವ ಕಡೆಯಿಂದ ಶುರು ಮಾಡಿದರೂ ವಾರ್ಡನ್ನಿನ ಗದರಿಕೆಗೇ ಬಂದು ನಿಲ್ಲುತ್ತಿತ್ತು. ಒಂದು ಸಂಗತಿ ನೋಡಿ ನನಗೇ ಸೋಜಿಗವಾಯಿತು. ವಾರ್ಡನ್ನರು ಕೀಲಿ ಒರೆಸಿದ ಸೆರಗಿನ ಅಂಚು, ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ ಹಳೆ ಕ್ಯಾಲೆಂಡರು, ಎಲ್ಲ ನೆನಪಿದೆ. ಗದರಿಸಿದ ಮಾತು ಒಂದೂ ನೆನಪಿಲ್ಲ. ಅತ್ತೆಯ ಲೆಕ್ಕದ ಪ್ರಕಾರ ಆ ಜಾಗ ಬಣಬಣ ಎನ್ನುತ್ತಿತ್ತು. ಯಾಕೆಂದರೆ ಅವರು ಗದರಿಸಲೇ ಇಲ್ಲ, ಕರೆಯಲೂ ಇಲ್ಲ. ನಾನೇ ಅವರ ಕೋಣೆಗೆ ಹೋಗಿದ್ದೆ. ಒಂದೇ ತಾಟಿನಲ್ಲಿ ಉಣ್ಣುವವಳು ನನ್ನಿಂದ ಏನು ಬಚ್ಚಿಡುತ್ತಾಳೆ ಎಂಬ ಕುತೂಹಲ ತಿಂಗಳುಗಟ್ಟಲೆ ನನ್ನನ್ನು ಕೊರೆಯುತ್ತಿತ್ತು. ಕೀಲಿಯ ಜಾಗ ಗೊತ್ತಿದ್ದೂ ನಾನಾಗಿ ತೆರೆಯುವ ಧೈರ್ಯವಿರಲಿಲ್ಲ. ದೊಡ್ಡವರು ತೆರೆದರೆ ನೋಡಬಹುದಲ್ಲ ಎಂದುಕೊಂಡೆ. ನೋಡಿದೆ. ವಾರ್ಡನ್ನರು ಗಟ್ಟಿಯಾಗಿ ಓದಿದ ನಾಲ್ಕು ಚೀಟಿಯಲ್ಲಿ ಮೂರು ರಾಜ್ಯಶಾಸ್ತ್ರದ ನೋಟ್ಸ್ ಬೇಕೆಂದು ಕೇಳಿ ಬರೆದದ್ದು. ಒಂದರಲ್ಲಿ ಹಬ್ಬದ ಶುಭಾಶಯ. ಇಷ್ಟೇ. ಆದರೆ ವಾರ್ಡನ್ನರಿಗೆ ಇಷ್ಟು ಸಾಕಾಯಿತು.

ರಂಗಂಪೇಟೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಹೊಸ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತ ಕೂತಿದ್ದ ಹುಡುಗಿ ತಲೆ ಎತ್ತಿದಳು. ಅದೇ ಹುಬ್ಬು, ಅದೇ ಗದ್ದ. ನಾನು ಶಹಾಪುರದವಳು, ನಿಮ್ಮವ್ವನ ಜೊತೆ ಯಾದಗಿರಿಯಲ್ಲಿ ಓದಿದವಳು ಎಂದೆ. ಹುಡುಗಿ ಥಟ್ಟನೆ ಎದ್ದು ನಿಂತಳು.

“ನೀವ ಏನ್ರಿ ಟ್ರಂಕ್ ಆಂಟಿ?”

ಎಲ್ಲ ಗೊತ್ತಿದೆ ಇವಳಿಗೆ ಎಂದುಕೊಂಡೆ. ಆದರೆ ಹುಡುಗಿಯ ಮುಖದ ತುಂಬ ನಗು. ಒಳಗೆ ಕರೆದು ಚಾಪೆ ಹಾಸಿದಳು. ಅವ್ವ ಹಿತ್ತಲಲ್ಲಿದ್ದಾಳೆ, ಬರುತ್ತಾಳೆ ಎಂದಳು. ತಾನು ಕಲಬುರಗಿಗೆ ಬಿ.ಎಸ್ಸಿ. ಓದಲು ಹೋಗುತ್ತಿದ್ದೇನೆ, ಹಾಸ್ಟೆಲು ಸಿಕ್ಕಿದೆ ಎಂದಳು. ಆಮೇಲೆ ಒಂದೇ ಉಸಿರಿಗೆ ನನ್ನದೇ ಕತೆಯನ್ನು ನನಗೆ ಹೇಳಿದಳು. ಅಜ್ಜನಿಗೆ ಆರಾಮ ತಪ್ಪಿ ಅವ್ವ ಓದು ಬಿಡಬೇಕಾಗಿ ಬಂದ ದಿನ ಅಜ್ಜನ ಕೈಯಲ್ಲಿ ಟ್ರಂಕು ಎತ್ತಲು ಆಗಲಿಲ್ಲವಂತೆ. ಆಗ ಅವ್ವನ ರೂಮಿನ ಗೆಳತಿ ಅದನ್ನು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ನಡೆದಳಂತೆ. ದಾರಿಯುದ್ದಕ್ಕೂ ಅತ್ತಳಂತೆ. ಬಸ್ಸು ಹೊರಟ ಮೇಲೂ ಕಿಟಕಿ ಹಿಡಿದು ಓಡಿದಳಂತೆ.

ಆ ದಿನ ನಾನು ಬಚ್ಚಲುಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದೆ. ಟ್ರಂಕನ್ನು ವರಾಂಡದಲ್ಲಿ ಎಳೆದುಕೊಂಡು ಹೋದ ಸದ್ದು ಕಿವಿಗೆ ಬಿದ್ದಿತ್ತು. ಅದರ ತಳ ನೆಲಕ್ಕೆ ಉಜ್ಜುವ ಸದ್ದು ನಿಲ್ಲುವವರೆಗೆ ನಳ ಬಿಟ್ಟುಕೊಂಡು ಕೂತೆ.

ಗೆಳತಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ನನ್ನನ್ನು ನೋಡಿ ಹೊಸ್ತಿಲಲ್ಲೇ ಒಂದು ಗಳಿಗೆ ನಿಂತಳು. ಬೆರಗಾಗಲಿಲ್ಲ, ಯಾವಾಗಲೋ ಬರಬೇಕಾದವಳು ಬಂದಳು ಎಂಬ ಹಾಗೆ ನೋಡಿದಳು. ಚಹಾಕ್ಕೆ ಹಾಲು ತಾ ಎಂದು ಮಗಳನ್ನು ಅಂಗಡಿಗೆ ಕಳಿಸಿದಳು. ಹೊಂದಿಸಿಕೊಂಡ ಮಾತೆಲ್ಲ ಮರೆತಿತ್ತು. ವಾರ್ಡನ್ ನನಗ ಕರೀಲಿಲ್ಲ, ನಾನ ಹೋಗಿ ಹೇಳಿದೆ ಎಂದೆ. ಅಷ್ಟೇ ಬಂತು.

“ಗೊತ್ತದ,” ಎಂದಳು. “ಕೀಲಿ ಹಿಂಡಿ ಡಬ್ಬಿಯೊಳಗ ಇಡ್ತಿದ್ದೆ ಅಂತ ನಿನಗೊಬ್ಬಾಕಿಗೇ ಗೊತ್ತಿತ್ತು. ಅವತ್ತ ಗೊತ್ತಾಗ್ಯದ ನನಗ.”

ಮತ್ತೆ ಮಗಳ ಮುಂದೆ ಹಾಗೇಕೆ ಹೇಳಿದೆ ಎಂದು ಕೇಳಿದೆ. ಅವಳು, ಮಗಳು ಅರ್ಧಕ್ಕೆ ಬಿಟ್ಟಿದ್ದ ಸೂಟ್‌ಕೇಸಿನಿಂದ ಒಂದು ಚೂಡಿದಾರ ತೆಗೆದು ಮತ್ತೆ ಮಡಿಸಿದಳು. ಅದು ಸರಿಯಾಗಿಯೇ ಮಡಿಸಿತ್ತು.

“ಹಾಸ್ಟೆಲ್ ಅಂದ್ರ ಹ್ಯಾಂಗಿರ್ತದವ್ವ ಅಂತ ಸಣ್ಣಾಕಿ ಇದ್ದಾಗಿಂದ ಕೇಳ್ತಾಳ. ಗೆಳತೇರು ಹಿಂಗ ಮಾಡ್ತಾರ ಅಂತ ಹೇಳಿದ್ರ ಅಕಿ ಮನಿ ಬಿಟ್ಟು ಹೋಗ್ತಿದ್ಳೇನು? ಅಕಿ ಓದಬೇಕಿತ್ತು ನನಗ. ಅದಕ್ಕ ಟ್ರಂಕ್ ನಿನ್ನ ತಲಿ ಮ್ಯಾಲ ಹೊರಿಸಿದೆ.”

ನನಗೆ ಅಳು ಬಂತು. ಅವಳು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ಕ್ಷಮಿಸಿದೆ ಎಂದು ಹೇಳಲಿಲ್ಲ, ಕ್ಷಮಿಸು ಎಂದು ಕೇಳುವ ಮುಖ ನನಗೂ ಇರಲಿಲ್ಲ. ಹೊರಗೆ ಮಗಳ ಚಪ್ಪಲಿಯ ಸದ್ದು ಕೇಳಿದಾಗ, ಕಣ್ಣು ಒರೆಸಿಕೋ ಎಂದಷ್ಟೇ ಹೇಳಿದಳು.

ಹುಡುಗಿ ಹಾಲಿನ ಪಾಕೀಟು ಹಿಡಿದು ಬಂದವಳು ನನ್ನ ಎದುರೇ ಕೂತಳು. ಕುತೂಹಲ ಅವಳಿಗೂ ಕಡಿಮೆ ಇರಲಿಲ್ಲ. ಟ್ರಂಕು ಭಾಳ ಭಾರ ಇತ್ತೇನ್ರಿ ಆಂಟಿ ಎಂದು ಕೇಳಿದಳು. ನಾನು ಗೆಳತಿಯ ಕಡೆ ನೋಡಿದೆ. ಅವಳು ಒಲೆಯ ಮುಂದೆ ನಿಂತಿದ್ದಳು, ಬೆನ್ನು ನಮ್ಮ ಕಡೆಗೆ. ಚಹಾ ಕದಡುತ್ತಿದ್ದ ಚಮಚ ನಿಂತಿತು.

ಭಾಳ ಭಾರ ಇತ್ತವ್ವ ಎಂದೆ. ತುಂಬ ಪುಸ್ತಕ ಇದ್ದವು, ನಿಮ್ಮವ್ವ ನನಗಿಂತ ಚೆನ್ನಾಗಿ ಓದುತ್ತಿದ್ದಳು ಎಂದೆ. ಕೊನೆಯ ಮಾತು ಮಾತ್ರ ನಿಜ. ಚಮಚದ ಸದ್ದು ಮತ್ತೆ ಕೇಳಿತು. ಹೊರಡುವಾಗ ಗೆಳತಿ ಬಸ್ಸಿನವರೆಗೆ ಬರಲಿಲ್ಲ, ಮಗಳನ್ನು ಕಳಿಸಿದಳು. ಹುಡುಗಿ ನನ್ನ ಕೈಚೀಲವನ್ನು ತಾನೇ ಹಿಡಿದುಕೊಂಡು ನಡೆದಳು. ಎಷ್ಟು ಕೇಳಿದರೂ ಕೊಡಲಿಲ್ಲ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಪಡಸಾಲೆಯಲ್ಲಿ ಕೊನೆಯ ರಾಶಿ ಉಳಿದಿತ್ತು. ಸೀರೆಯನ್ನೂ ಬದಲಿಸದೆ ಅತ್ತೆಯ ಎದುರು ಕೂತು ಮೆಣಸಿನಕಾಯಿ ಕೈಗೆ ತೆಗೆದುಕೊಂಡೆ. ಅವರು ಬೇಡ ಎನ್ನಲಿಲ್ಲ. ನಿನ್ನೆಯವರೆಗಿನದನ್ನು ಅವರೇ ಎರಡು ಮಾತಿನಲ್ಲಿ ಹೇಳಿದರು, ಮುಂದಿನದನ್ನು ನಾನು ಹೇಳಿದೆ. ವಾರ್ಡನ್ನಿನ ಕೋಣೆಗೆ ನಾನಾಗಿ ಹೋದದ್ದು, ಬಾಗಿಲ ಮರೆಯಿಂದ ಚೀಟಿ ನೋಡಿದ್ದು, ಬಚ್ಚಲುಮನೆ, ನಳ, ರಂಗಂಪೇಟೆ, ಚಮಚ. ಈ ಸಲ ದನಿ ನಡುಗಿಸಲಿಲ್ಲ. ಅತ್ತೆ ಒಂದು ಕಡೆಯೂ ತಡೆಯಲಿಲ್ಲ. ಹೂಂ ಎನ್ನಲೂ ಇಲ್ಲ. ನನ್ನ ಬೆರಳು ಉರಿಯತೊಡಗಿದವು. ಹುಡುಗಿಗೆ ಟ್ರಂಕು ಭಾರ ಇತ್ತು ಎಂದು ಹೇಳಿ ಬಂದೆ ಎಂದಾಗ ಮಾತ್ರ ಅವರು ತಲೆ ಎತ್ತಿದರು.

“ಖರೇನೂ ಅಷ್ಟ ಭಾರ ಇತ್ತೇನು?”

“ಗೊತ್ತಿಲ್ರಿ ಅತ್ತಿ,” ಎಂದೆ. “ನಾ ಅದನ್ನ ಎತ್ತೇ ಇಲ್ಲ.”

ಅತ್ತೆ ತಮ್ಮ ಮುಂದಿದ್ದ ರಾಶಿಯಲ್ಲಿ ಅರ್ಧವನ್ನು ನನ್ನ ಕಡೆ ಸರಿಸಿದರು.